ಜಮಖಾನೆಯ ಮೇಲೆ ಕೂತ ಗಿಟಾರ್

ಅಮರೇಶಪ್ಪ ಕಾಕಾ ಅವರ ಗಿಟಾರಿನ ಸದ್ದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಇಷ್ಟವಿತ್ತು ಎಂದು ಬರೆದರೆ ತಪ್ಪಾಗುತ್ತದೆ. ಗೊತ್ತಿತ್ತು, ಅಷ್ಟೆ. ಭಾನುವಾರ ಬೆಳಿಗ್ಗೆ ದಿಲ್‌ಸುಖ್‌ನಗರದ ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಆ ಸದ್ದು ಶುರುವಾದರೆ, ಕೆಳಗೆ ಇಸ್ತ್ರಿ ಮಾಡುವವನು ತನ್ನ ರೇಡಿಯೋ ಬಂದ್ ಮಾಡುತ್ತಿದ್ದ. ನಮ್ಮ ಅವ್ವ ಅಡುಗೆಮನೆಯ ಕಿಟಕಿ ಎಳೆದುಕೊಳ್ಳುತ್ತಿದ್ದಳು. ಕಾಕಾ ಭಾಳ ಒಳ್ಳೆಯ ಮನುಷ್ಯರಾದ್ದರಿಂದ ಯಾರೂ ಬಾಯಿ ಬಿಟ್ಟು ಏನೂ ಅನ್ನುತ್ತಿರಲಿಲ್ಲ. ಅನ್ನುವವರು ಒಬ್ಬರೇ ಇದ್ದರು. ಅವರ ಅಕ್ಕ, ಪಕ್ಕದ ಓಣಿಯ ಶಿವದೇವಮ್ಮ.

"ಏ ಅಮರಾ, ಸೂಜಿಪೆಟ್ಟಿಗಿ ತಗದ್ಯಾ? ತಡಿ, ಮೊದಲ ಕಿವ್ಯಾಗ ಅರಳಿ ಇಟಗೋತೀನಿ" ಎನ್ನುತ್ತಲೇ ಅವರು ಮೆಟ್ಟಿಲು ಹತ್ತಿ ಬರುತ್ತಿದ್ದರು.

ಕಿವಿ ಚುಚ್ಚುತ್ತದೆಂದು ಅವರು ಸೂಜಿಪೆಟ್ಟಿಗೆ ಎನ್ನುತ್ತಿದ್ದದ್ದು ಕಾಕಾ ಅವರ ಆ್ಯಂಪಿಗೆ. ಎಲೆಕ್ಟ್ರಿಕ್ ಗಿಟಾರಿಗೆ ಹೊಟ್ಟೆ ಟೊಳ್ಳಿರುವುದಿಲ್ಲ, ತಾನಾಗಿ ಅದು ಸೊಳ್ಳೆಯಷ್ಟೇ ಸದ್ದು ಮಾಡುತ್ತದೆ. ತಂತಿಯ ಸದ್ದನ್ನು ದೊಡ್ಡದು ಮಾಡುವುದು ವೈರಿನ ಇನ್ನೊಂದು ತುದಿಯಲ್ಲಿರುವ ಆ ಕಪ್ಪು ಪೆಟ್ಟಿಗೆ. ಅದರ ಮೇಲೆ ಸಾಲಾಗಿ ತಿರುಗಣೆಗಳಿದ್ದವು. ಟ್ರೆಬಲ್ ಎನ್ನುವುದು ಸದ್ದನ್ನು ಚೂಪು ಮಾಡುತ್ತದೆ, ಬೇಸ್ ದಪ್ಪ ಮಾಡುತ್ತದೆ, ಮಿಡ್ ನಡುವಿನದು. ಇನ್ನೊಂದು ಗೇನ್. ಅದನ್ನು ಏರಿಸಿದಂತೆ ಸದ್ದು ಒಡೆದು ಗೊರಗೊರ ಆಗುತ್ತದೆ. ಇವನ್ನು ಕಾಕಾ ಅವರೇ ಹೇಳಿಕೊಟ್ಟದ್ದು.

ಕಾಕಾ ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯವರು. ತಾಯಿ ಬೇಗ ತೀರಿಕೊಂಡಿದ್ದರಿಂದ, ಶಿವದೇವಮ್ಮ ಮದುವೆಯಾಗಿ ಹೈದರಾಬಾದಿಗೆ ಬರುವಾಗ ಸಣ್ಣ ತಮ್ಮನನ್ನೂ ಸೊಂಟದ ಮೇಲೆ ಎತ್ತಿಕೊಂಡೇ ಬಂದಿದ್ದರು. ಅವರ ಗಂಡ ಸೂಗಪ್ಪನವರು ಕಬ್ಬಿಣ ಬಡಿಯುವ ವರ್ಕ್‌ಶಾಪಿನಲ್ಲಿ ದುಡಿದು ಈಗ ಮನೆಯಲ್ಲಿದ್ದಾರೆ. ಕಿವಿ ಮುಕ್ಕಾಲು ಭಾಗ ಅಲ್ಲೇ ಉಳಿದುಹೋಗಿದೆ. ಈ ಕಾರಣಕ್ಕೆ ಕಾಕಾ ಅವರ ಗಿಟಾರನ್ನು ಮೊದಲಿನಿಂದಲೂ ಮೆಚ್ಚಿದವರು ಅವರೊಬ್ಬರೇ. "ಬಾರಸೋ ಅಮರಾ. ಈ ಮನ್ಯಾಗ ನನಗ ಸ್ವಚ್ಛ ಕೇಳೂದು ಅದೊಂದ" ಎನ್ನುತ್ತಿದ್ದರು.

ವಾರದ ದಿನಗಳಲ್ಲಿ ಕಾಕಾ ಮೆಟ್ರೋ ಹಿಡಿದು, ಆಮೇಲೆ ಶೇರ್ ಆಟೋ ಹಿಡಿದು ಜೀಡಿಮೆಟ್ಲಾದ ಒಂದು ಔಷಧದ ಕಾರ್ಖಾನೆಗೆ ಹೋಗುತ್ತಾರೆ. ಕಹಿ ಮಾತ್ರೆಗಳ ಮೇಲೆ ಸಿಹಿ ಪದರ ಹಚ್ಚುವ ಯಂತ್ರ ಅವರ ಕೈಯಲ್ಲಿದೆ. ಮದುವೆಯ ಸೀಸನ್ನಿನಲ್ಲಿ ಯಾದಗಿರಿ ಎಂಬುವವರ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಾರೆ. ಹರೆಯದಲ್ಲಿ ಅಬಿಡ್ಸ್‌ನ ಅಂಗಡಿಯೊಂದರ ಗಾಜಿನಾಚೆ ತೂಗುಹಾಕಿದ್ದ ಕೆಂಪು ಗಿಟಾರನ್ನು ನೋಡಿ ಬಂದವರು ಆಮೇಲೆ ಬೇರೆ ಯಾವ ಗೀಳನ್ನೂ ಹಚ್ಚಿಕೊಳ್ಳಲಿಲ್ಲ. ಆ ಕೆಂಪು ಗಿಟಾರೇ ಇವತ್ತಿಗೂ ಅವರ ಬಳಿ ಇದೆ. ಅಂಚಿನಲ್ಲಿ ಬಣ್ಣ ಹೋಗಿ ಕಟ್ಟಿಗೆ ಕಾಣುತ್ತದೆ.

ಆರ್ಕೆಸ್ಟ್ರಾದಲ್ಲಿ ಗಿಟಾರಿನ ಕೆಲಸ ಡ್ರಮ್ಮು, ಕೀಬೋರ್ಡು, ಊಟದ ಪಂಕ್ತಿಯ ಗದ್ದಲ ಎಲ್ಲವನ್ನೂ ಸೀಳಿಕೊಂಡು ಹೋಗುವುದು. ಯಾದಗಿರಿ ಕೀಬೋರ್ಡಿನ ಹಿಂದಿನಿಂದ ಕೂಗುತ್ತಿದ್ದರಂತೆ: "ಅಮರ್ ಭಾಯ್, ಔರ್ ತೇಜ್ ಕರೋ. ಪೀಛೆ ತಕ್ ಜಾನಾ." ಹಿಂದಿನ ಸಾಲಿಗೂ ಮುಟ್ಟಬೇಕು, ಇನ್ನೂ ಚೂಪು ಮಾಡು ಎಂದು. ಕಾಕಾ ವೇದಿಕೆಯ ಮೇಲೆ ನಿಂತುಕೊಂಡು, ಪಾದದ ಪಕ್ಕ ನೆಲದ ಮೇಲಿರುವ ಪೆಟ್ಟಿಗೆಗೆ ಬಗ್ಗಿ ಟ್ರೆಬಲ್ಲನ್ನು ಇನ್ನಷ್ಟು ತಿರುಗಿಸುತ್ತಿದ್ದರು. ಮನೆಯಲ್ಲೂ ಅದೇ ರೂಢಿ. ಪೆಟ್ಟಿಗೆ ನೆಲದ ಮೇಲೆ, ಕಾಕಾ ನಿಂತು ಅಥವಾ ಕುರ್ಚಿಯ ಮೇಲೆ.

ಇನ್ನು ಶಿವದೇವಮ್ಮನವರ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ದಿಲ್‌ಸುಖ್‌ನಗರ, ಕೊತ್ತಪೇಟೆಯ ಕಡೆ ನಮ್ಮ ಜನರ ಮನೆಯಲ್ಲಿ ಮದುವೆ ಗೊತ್ತಾದರೆ ಮದುವೆ ಮಾಡಿಸುವ ಅಯ್ಯನವರಿಗೆ ಹೇಳುವ ಮೊದಲು ಶಿವದೇವಮ್ಮನಿಗೆ ಹೇಳುತ್ತಾರೆ, ಯಾಕೆಂದರೆ ಅರಿಷಿಣದ ದಿನ ಸೋಬಾನ ಎತ್ತುವವರು ಅವರು. ಆವತ್ತು ಜಮಖಾನೆ ಹಾಸಿ, ನಡುವೆ ಬೀಸುಕಲ್ಲಿಟ್ಟು, ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಹೆಂಗಸರು ಸುತ್ತ ಕೂಡುತ್ತಾರೆ. ಮುತ್ತೈದೆಯರು ಕಲ್ಲು ತಿರುವುತ್ತಿದ್ದಂತೆ ಶಿವದೇವಮ್ಮ ಒಂದು ಸಾಲು ಎತ್ತುತ್ತಾರೆ, ಉಳಿದವರು "ಸೋ" ಎಂದು ದನಿ ಕೂಡಿಸುತ್ತಾರೆ. ಅವರ ದನಿ ದೊಡ್ಡದಲ್ಲ. ಸಣ್ಣಗೆ, ಬೆಚ್ಚಗೆ, ಎಳೆದಷ್ಟೂ ಕಡಿಯದೆ ಬರುತ್ತದೆ. ಸೋಬಾನಕ್ಕೆ ಎರಡು ಕಟ್ಟುಪಾಡುಗಳಿವೆ. ಒಮ್ಮೆ ಎತ್ತಿದ ಸೋಬಾನವನ್ನು ಮದುಮಗಳಿಗೆ ಹರಸಿ ಮುಗಿಸುವವರೆಗೆ ನಡುವೆ ನಿಲ್ಲಿಸಬಾರದು. ಮತ್ತು ಆ ಜಮಖಾನೆಯ ಮೇಲೆ ಗಂಡಸರು ಕೂಡುವುದಿಲ್ಲ.

ಕಾಕಾ ಅವರ ಮಗಳು ಕಾವ್ಯಾ. ಇಲ್ಲೇ ಒಂದು ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳುತ್ತಾಳೆ. ಕಲಬುರಗಿ ಕಡೆಯ ವೈಭವ ಎಂಬ ಹುಡುಗನ ಜೊತೆ ಮದುವೆ ಗೊತ್ತಾದಾಗ ಅವಳು ಒಂದೇ ಒಂದು ಆಸೆ ಹೇಳಿದಳು. ಆಗ ಎಲ್ಲರೂ ಕಾಕಾ ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದರು.

"ಅರಿಷಿಣದ ದಿವಸ ಅತ್ತಿ ಹಾಡಬೇಕು, ಅಪ್ಪ ಗಿಟಾರ್ ಬಾರಿಸಬೇಕು. ಎರಡೂ ಒಮ್ಮಿಗೇ."

ಕಾಕಾ ಅವರ ಹೆಂಡತಿ ಶರಣಮ್ಮ ಬಟ್ಟಲು ಕೆಳಗಿಟ್ಟರು. "ಮದವಿ ಆಗಬೇಕಂತಿದ್ಯೋ, ಬ್ಯಾಡಂತಿದ್ಯೋ?"

ಕಾಕಾ ಅಕ್ಕನ ಮುಖ ನೋಡಿದರು. ಊರವರ ಮದುವೆಗಳಲ್ಲೆಲ್ಲ ಬಾರಿಸಿದ ಮನುಷ್ಯ ಅಕ್ಕ ಹಾಡುವಾಗ ಒಮ್ಮೆಯೂ ಬಾರಿಸಿರಲಿಲ್ಲ. ಅದು ಅವರಿಗೆ ಎಷ್ಟು ಬೇಕಾಗಿತ್ತು ಎಂಬುದು ಅವರು ಚಹಾ ತಣ್ಣಗಾದರೂ ಮುಟ್ಟದೆ ಕೂತದ್ದರಲ್ಲೇ ಎಲ್ಲರಿಗೂ ಕಂಡಿತು.

ಶಿವದೇವಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ತೀರ್ಮಾನ ಹೇಳಿದರು. "ನೋಡೋ ತಮ್ಮಾ. ನಡುವ ನಿಲ್ಲಿಸೋ ಹಾಡಲ್ಲ ಅದು. ನಿನ್ನ ಪೆಟ್ಟಿಗಿ ಕಿವಿ ಚುಚ್ಚಿದ್ರ ನನ್ನ ದನಿ ಕಡೀತೈತಿ. ಹುಡುಗಿ ಅರಿಷಿಣದಾಗ ದನಿ ಕಡದ್ರ ನಾ ಸತ್ತರೂ ಮರೆಯೂದಿಲ್ಲ. ಅದಕ್ಕ ಮದವಿ ಮುಂಚಿನ ಐತವಾರ ಬಂದು ಕೇಳತೀನಿ. ಚುಚ್ಚಲಿಲ್ಲಂದ್ರ ಬಾರಸು. ಚುಚ್ಚಿತಂದ್ರ ಸೂಜಿಪೆಟ್ಟಿಗಿ ಅಟ್ಟದ ಮ್ಯಾಲ."

"ಚುಚ್ಚೂದಿಲ್ಲ ಅಕ್ಕಾ" ಎಂದರು ಕಾಕಾ.

"ಪಾಪ, ಎಷ್ಟು ಚಲೋ ಹಾಡಿದಿ" ಎಂದರು ಸೂಗಪ್ಪನವರು, ಹೆಂಡತಿಯ ಮಾತು ಹಾಡೆಂದು ತಿಳಿದು.

ಅಂದಿನಿಂದ ನಮ್ಮ ಕಟ್ಟಡದಲ್ಲಿ ಸಂಜೆಗಳ ಸದ್ದೇ ಬದಲಾಯಿತು. ಕಾಕಾ ಕಾರ್ಖಾನೆಯಿಂದ ಬಂದು ಕೈಕಾಲು ತೊಳೆದು ಪೆಟ್ಟಿಗೆಯ ಮುಂದೆ ನಿಲ್ಲುತ್ತಿದ್ದರು. ಮೊದಲು ಟ್ರೆಬಲ್ ಇಳಿಸಿ ನೋಡಿದರು. ಅವರಿಗೆ ಅದು ಗೋಣಿಚೀಲದೊಳಗಿನಿಂದ ಮಾತಾಡಿದಂತೆ ಕೇಳಿಸಿತು. ಇಷ್ಟು ಮೊಂಡಾದರೆ ಹೇಗೆ ಎಂದು ಮತ್ತೆ ಸ್ವಲ್ಪ ಏರಿಸಿದರು. ಇನ್ನೂ ಸ್ವಲ್ಪ. ಕಿವಿಗೆ ಹಿತವಾಗುವಷ್ಟು ಏರಿಸಿ ಅಕ್ಕನನ್ನು ಕರೆದರು.

"ಅಕ್ಕಾ, ಭಾಳ ಇಳಿಸೀನಿ, ಕೇಳು."

ಶಿವದೇವಮ್ಮ ಎಂದಿನಂತೆ ನೆಲದ ಮೇಲೆ ಕಾಲು ಮಡಚಿ ಕೂತು ಕೇಳಿದರು. "ಇಳಿಸಿದ್ದು ಎಲ್ಲಿಗಿ ಹೋತು? ನನಗಂತೂ ಬಂದಿಲ್ಲ."

ಎರಡನೆಯ ಉಪಾಯ ಕೌದಿ. ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದ ದಪ್ಪ ಕೌದಿಯನ್ನು ಕಾಕಾ ಪೆಟ್ಟಿಗೆಯ ಮುಖಕ್ಕೆ ಹೊದ್ದಿಸಿದರು. ಅದನ್ನು ಹೊಲಿದಿದ್ದವರು ಶಿವದೇವಮ್ಮನವರೇ.

"ಕಾಲನ್ನೂ ಮುಚ್ಚರಿ, ಥಂಡಿ ಹತ್ತೀತು" ಎಂದರು ಶರಣಮ್ಮ.

ಅಕ್ಕ ಕೇಳಿ ತಲೆಯಾಡಿಸಿದರು. "ಮೊದಲ ಚುಚ್ಚತಿತ್ತು. ಈಗ ನೆಗಡಿ ಹಿಡದು ಚುಚ್ಚಾಕತ್ತೈತಿ. ನನ್ನ ಕೌದಿ ಹಾಳ ಮಾಡಬ್ಯಾಡ, ತಗಿ."

ಮೂರನೆಯದು ಯಾದಗಿರಿ ತಂದುಕೊಟ್ಟ ಕಾಲಿನ ಪೆಡಲ್. ಪಾದದಿಂದ ಒತ್ತಿದರೆ ಪ್ರತಿ ಸ್ವರವೂ ಅಲೆ ಅಲೆಯಾಗಿ ಮರಳಿ ಬರುತ್ತಿತ್ತು. "ಮಕ್ಖನ್ ಜೈಸಾ ಹೋತಾ, ಅಮರ್ ಭಾಯ್" ಎಂದು ಯಾದಗಿರಿ ಹೇಳಿದ್ದರು. ಬೆಣ್ಣೆಯ ಹಾಗಾಗಬೇಕಾಗಿದ್ದ ಆ ಸದ್ದಿಗೆ ಶಿವದೇವಮ್ಮನವರ ಉತ್ತರ: "ಯಾರೋ ಬಾವ್ಯಾಗ ಬಿದ್ದಾರ ನೋಡ್ರಿ, ಮೊದಲ ಎತ್ತರಿ."

ಕಾಕಾ ನಕ್ಕರು. ಆದರೆ ಮಾರನೆಯ ದಿನ ಡ್ಯೂಟಿ ಮುಗಿಸಿ ನೇರ ಮನೆಗೆ ಬರಲಿಲ್ಲ, ಅಬಿಡ್ಸ್‌ಗೆ ಹೋದರು. ಮೊದಲು ಕೆಂಪು ಗಿಟಾರ್ ಕೊಂಡಿದ್ದ ಅಂಗಡಿಯಲ್ಲಿ ಈಗ ಹಳೆಯ ಮಾಲೀಕರ ಮಗ ಕೂಡುತ್ತಾನೆ. ಅವನು ಎಲ್ಲವನ್ನೂ ಕೇಳಿಕೊಂಡು ದಪ್ಪನೆಯ, ಮೈ ನುಣುಪಾದ ತಂತಿಗಳನ್ನು ಕೊಟ್ಟ. ತಂತಿ ಮೀಟುವ ಪ್ಲಾಸ್ಟಿಕ್ಕಿನ ಪಿಕ್ ಬಿಟ್ಟು ಹೆಬ್ಬೆರಳಿನ ಮೆತ್ತನೆಯ ಭಾಗದಿಂದ ಬಾರಿಸಲು ಹೇಳಿದ. ತಂತಿಯ ಕೆಳಗೆ ಅದರ ನಡುಕವನ್ನು ಹಿಡಿಯುವ ಪಟ್ಟಿಗಳು ಎರಡು ಇರುತ್ತವೆ. ಬಾಲದ ಕಡೆಯದು ಚೂಪು ಸದ್ದು ಹಿಡಿಯುತ್ತದೆ, ಕುತ್ತಿಗೆಯ ಕಡೆಯದು ದುಂಡು ಸದ್ದು. ಕಾಕಾ ಇಷ್ಟು ವರ್ಷ ಬಾಲದ ಕಡೆಯದನ್ನೇ ನಂಬಿದ್ದರು. ಈಗ ಕುತ್ತಿಗೆಯ ಕಡೆ ಬದಲಿಸಿದರು.

ಇವೆಲ್ಲ ನಿಜಕ್ಕೂ ಕೆಲಸ ಮಾಡಿದವು. ನಮ್ಮ ಅವ್ವ ಕಿಟಕಿಯನ್ನು ಅರ್ಧ ತೆರೆದಿಟ್ಟಳು. ಆದರೆ ಶಿವದೇವಮ್ಮ ಬಂದು ನೆಲದ ಮೇಲೆ ಕೂತು ಕೇಳಿ, "ಸೂಜಿ ಹೋತು, ದಬ್ಬಣ ಬಂತು" ಎಂದರು. ದಬ್ಬಣ ಎಂದರೆ ಗೋಣಿಚೀಲ ಹೊಲಿಯುವ ದಪ್ಪ ಸೂಜಿ.

ಹೀಗೆ ಆ ಭಾನುವಾರ ಬಂತು. ಶಿವದೇವಮ್ಮ ಪರೀಕ್ಷೆಯನ್ನು ನೆಟ್ಟಗೆ ಮಾಡಬೇಕೆಂದು ಕಾಕಾ ಅವರ ಮನೆಯ ಅಟ್ಟದ ಮೇಲಿನ ಬೀಸುಕಲ್ಲನ್ನು ಇಳಿಸಿ ತೊಳೆಸಿದ್ದರು. ಜಮಖಾನೆ ಹಾಸಿತ್ತು. ಅವರು ಕಲ್ಲಿನ ಮುಂದೆ ಕೂತರು, ಕಾವ್ಯಾ ಅವರ ಎದುರಿಗೆ. ನಾನೂ ಅವ್ವನೂ ಬಾಗಿಲ ಬಳಿ. ಕಾಕಾ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಪೆಟ್ಟಿಗೆ ಅವರ ಪಾದದ ಪಕ್ಕ ನೆಲದ ಮೇಲಿತ್ತು.

ಕಾಕಾ ಬಾರಿಸಿದರು. ಅಕ್ಕ ಕಣ್ಣು ಮುಚ್ಚಿ ಕೇಳಿದರು. ಸೋಬಾನ ಎತ್ತಲೆಂದು ಬಾಯಿ ತೆರೆದರು. ಹಾಗೇ ಮುಚ್ಚಿದರು.

"ಆಗೂದಿಲ್ಲೋ ತಮ್ಮಾ" ಎಂದರು.

ಈ ಸಲ ಅವರು ತಮಾಷೆ ಮಾಡಲಿಲ್ಲ. ಕಾವ್ಯಾ ಬೀಸುಕಲ್ಲಿನ ಗೂಟವನ್ನು ಹಿಡಿದು ಅದನ್ನೇ ನೋಡುತ್ತಿದ್ದಳು.

"ಹೋಗ್ಲಿ ಬಿಡ ಅಕ್ಕಾ" ಎಂದರು ಕಾಕಾ. "ನೀ ಹಾಡು. ಅದು ಮುಖ್ಯ. ಇದನ್ನ ಅಟ್ಟಕ್ಕ ಹಾಕತೀನಿ." ಗಿಟಾರನ್ನು ಕುರ್ಚಿಯ ಮೇಲೆ ಮಲಗಿಸಿದರು. ಪೆಟ್ಟಿಗೆ ಆರಿಸುವುದಕ್ಕೂ ಮನಸ್ಸಾಗಲಿಲ್ಲವೋ ಏನೋ, ಹಾಗೇ ಬಿಟ್ಟರು.

ಶರಣಮ್ಮ ಮಾತು ತಿರುಗಿಸಲೆಂದು ಒಳಗಿನಿಂದ ಚುರುಮುರಿ ಸೂಸಲದ ತಟ್ಟೆಗಳನ್ನು ತಂದರು. ಕಾಕಾ ತಮ್ಮ ತಟ್ಟೆ ಹಿಡಿದು ಜಮಖಾನೆಯ ಅಂಚಿನಲ್ಲಿ, ಮಂಚಕ್ಕೆ ಬೆನ್ನು ಆನಿಸಿ, ಅಕ್ಕನ ಪಕ್ಕ ನೆಲಕ್ಕೆ ಕೂತರು. ಅದೇ ಹೊತ್ತಿಗೆ ಮಂಚದ ಮೇಲೆ ಕೂತಿದ್ದ ಸೂಗಪ್ಪನವರು ಎದ್ದು ಖಾಲಿಯಾದ ಕುರ್ಚಿಗೆ ಬಂದರು. ತೀರ್ಪು ಏನಾಯಿತೆಂದು ಅವರಿಗೆ ಕೇಳಿಸಿರಲಿಲ್ಲ. ಗಿಟಾರನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, "ಚಲೋ ಬಾರಸಿದಿ ಬಿಡೋ ಅಮರಾ" ಎಂದು ಐದೂ ಬೆರಳಿನಿಂದ ತಂತಿಗಳನ್ನು ಒಮ್ಮೆ ಎಳೆದರು.

ಝಣ್ ಎಂದಿತು. ಕಾಕಾ ಬೆಚ್ಚಿ ಬಿದ್ದರು. ತಟ್ಟೆ ಓರೆಯಾಗಿ ಚುರುಮುರಿ ಇಸ್ತ್ರಿ ಅಂಗಿಯ ಮೇಲೆ ಚೆಲ್ಲಿತು.

"ಮಾವಾರ, ನಿಂದರ್ರಿ, ನಿಂದರ್ರಿ."

"ಏನ? ಇನ್ನೊಮ್ಮೆನ?" ಎಂದು ಸೂಗಪ್ಪನವರು ಇನ್ನೊಮ್ಮೆ ಎಳೆದರು.

ಕಾವ್ಯಾ ನಕ್ಕಳು, ಶರಣಮ್ಮ ನಕ್ಕರು, ಬಾಗಿಲಲ್ಲಿದ್ದ ನಾವೂ ನಕ್ಕೆವು. ಕಾಕಾ ಮಾತ್ರ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಪೆಟ್ಟಿಗೆಯ ಮುಖ ಈಗ ನೇರ ಅವರ ಮುಖಕ್ಕೆ ಎದುರಾಗಿತ್ತು.

"ಅಕ್ಕಾ, ನಿನಗ ಇದು ಹಿಂಗ ಕೇಳಸತಿತ್ತೇನ?"

"ಮತ್ತ ಹ್ಯಾಂಗ ಕೇಳಸಬೇಕಿತ್ತು?"

"ನನಗ ಒಂದಿವಸಾನೂ ಹಿಂಗ ಕೇಳಿಸಿಲ್ಲ."

ಅವರು ಎದ್ದು ನಿಂತು ಮಾವನಿಗೆ ಬಾರಿಸಲು ಸನ್ನೆ ಮಾಡಿದರು. ನಿಂತಾಗ ಸದ್ದು ಮೆತ್ತಗಿತ್ತು. ಕೂತರು, ಚೂಪಾಯಿತು. ಎದ್ದರು, ಮೆತ್ತಗಾಯಿತು. ಕೂತರು. ಸೂಗಪ್ಪನವರಿಗೆ ಭಾಳ ಖುಷಿಯಾಗಿತ್ತು, ತಮ್ಮ ಬಾರಿಸುವಿಕೆಗೆ ಭಾಮೈದ ಕುಣಿಯುತ್ತಿದ್ದಾನೆಂದೇ ಅವರು ತಿಳಿದಿದ್ದರು.

ಆಮೇಲೆ ಕಾಕಾ ಬಿಡಿಸಿ ಹೇಳಿದ್ದು ಹೀಗೆ. ದಪ್ಪ ಸದ್ದು ನೀರಿನ ಹಾಗೆ ಕೋಣೆಯೆಲ್ಲ ಹರಡುತ್ತದೆ. ಚೂಪು ಸದ್ದು ಟಾರ್ಚಿನ ಬೆಳಕಿನ ಹಾಗೆ ಪೆಟ್ಟಿಗೆಯ ಮುಖ ಯಾವ ಕಡೆ ಇದೆಯೋ ಆ ಕಡೆಗೇ ನೇರ ಹೋಗುತ್ತದೆ. ಅವರು ಯಾವಾಗಲೂ ಎತ್ತರದಲ್ಲಿ ಇರುತ್ತಿದ್ದರು, ಚೂಪೆಲ್ಲ ಅವರ ಕಾಲಿನ ಪಕ್ಕದಿಂದಲೇ ದಾಟಿ ಹೋಗುತ್ತಿತ್ತು. ಸಾಲದು ಎಂದು ಅವರು ಟ್ರೆಬಲ್ ಏರಿಸುತ್ತಿದ್ದರು. ಏರಿಸಿದ್ದೆಲ್ಲ ನೆಲದ ಮೇಲೆ ಕೂತ ಅಕ್ಕನ ಕಿವಿಗೆ ಹೋಗುತ್ತಿತ್ತು. ಆರ್ಕೆಸ್ಟ್ರಾದ ಗದ್ದಲದಲ್ಲಿ ಇದು ಯಾರಿಗೂ ತಿಳಿದಿರಲಿಲ್ಲ.

"ಇಷ್ಟು ವರ್ಷ ನಾ ನನ್ನ ಮೊಣಕಾಲಿಗಿ ಬಾರಸೀನಿ ಅಕ್ಕಾ" ಎಂದರು ಕಾಕಾ.

"ಅದಕ್ಕ ದಿನಾ ಮೊಣಕಾಲು ನೋವು, ಎಣ್ಣಿ ಹಚ್ಚು ಅಂತಿದ್ರಿ" ಎಂದರು ಶರಣಮ್ಮ.

ಶಿವದೇವಮ್ಮ ಮಾತ್ರ ನಗಲಿಲ್ಲ. ಜಮಖಾನೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. "ಇಲ್ಲೇ ಕುಂಡ್ರು. ಇಲ್ಲೇ ಕುಂತು ತಿರುವು ನಿನ್ನ ತಿರುಗಣಿ."

ಕಾಕಾ ಗಿಟಾರನ್ನು ಮಡಿಲಿಗೆ ಹಾಕಿಕೊಂಡು ಅಕ್ಕನ ಪಕ್ಕ ಕೂತರು. ಮೊದಲು ಟ್ರೆಬಲ್ಲನ್ನು ತೀರ ಕೆಳಗಿಳಿಸಿದರು. ಇಲ್ಲಿ ಕೂತು ಕೇಳಿದಾಗ ಅದು ಗೋಣಿಚೀಲದ ಸದ್ದಾಗಿರಲಿಲ್ಲ. ಜೋರಾಗಿ ಮೀಟಿದರೂ ದನಿ ಒಡೆಯದಷ್ಟು ಗೇನ್ ಇಳಿಸಿದರು. ಗಿಟಾರಿನ ಮೈಮೇಲಿರುವ ವಾಲ್ಯೂಮನ್ನು ಪೂರ್ತಿ ತೆರೆಯದೆ ಸ್ವಲ್ಪ ಹಿಂದಕ್ಕೆ ಇಟ್ಟರು, ಅದರಿಂದ ತಂತಿಯ ಮೊನೆ ಇನ್ನಷ್ಟು ಸವೆಯಿತು. ಬೆಚ್ಚಗಾಗಲಿ ಎಂದು ಬೇಸ್ ಮಾತ್ರ ತುಂಬ ಏರಿಸಿದರು.

ಆಗ ಶಿವದೇವಮ್ಮ ಒಂದು ಹಿಡಿ ಜೋಳ ಹಾಕಿ ಕಲ್ಲು ತಿರುವಿದರು. ಗರ ಗರ ಎಂಬ ಸದ್ದು ನೆಲದಿಂದಲೇ ಎದ್ದಿತು. ಗಿಟಾರಿನ ದಪ್ಪ ಸದ್ದು ಅದರೊಳಗೆ ಹೋಗಿ ಕಲಸಿಹೋಯಿತು. ಯಾವುದು ಕಲ್ಲು, ಯಾವುದು ತಂತಿ ಎಂದೇ ತಿಳಿಯಲಿಲ್ಲ.

"ಕಲ್ಲಿನ ಜಾಗಾದಾಗ ನೀ ಯಾಕ ಕುಂದರತೀ?" ಎಂದರು ಅಕ್ಕ, ತಿರುವುತ್ತಲೇ.

ಕಾಕಾ ಕಲ್ಲಿನ ಕಡೆ ಕಿವಿಗೊಟ್ಟರು. ಕೆಳಗಿನ ದನಿ ಕಲ್ಲಿನದು, ಮೇಲಿನದು ಅಕ್ಕನದು. ಅವರಿಗೆ ಉಳಿದದ್ದು ನಡುವಿನ ಜಾಗ. ಬೇಸ್ ಇಳಿಸಿ ಮಿಡ್ ಏರಿಸಿದರು. ಹೆಬ್ಬೆರಳಿನಿಂದ ಮೆಲ್ಲಗೆ ಒಂದು ತಂತಿ ಮೀಟಿದರು. ಆ ಸ್ವರ ದುಂಡಗೆ ಬಂದು, ಕಲ್ಲಿನ ಮೇಲೆ ಕೂತು, ನಿಧಾನ ಕರಗಿತು. ನಾನು ಎಷ್ಟು ಯೋಚಿಸಿದರೂ ಇದಕ್ಕೆ ಸರಿಯಾದ ಹೋಲಿಕೆ ಸಿಗಲಿಲ್ಲ. ಬಿಸಿ ರೊಟ್ಟಿಯ ಮೇಲೆ ಇಟ್ಟ ಬೆಣ್ಣೆಯನ್ನು ನೋಡಿದವರಿಗೆ ಸ್ವಲ್ಪ ತಿಳಿಯಬಹುದು. ಯಾದಗಿರಿ ಹೇಳಿದ್ದ ಬೆಣ್ಣೆ ಪೆಡಲ್ ಇಲ್ಲದೆಯೇ ಬಂದಿತ್ತು.

ಯಾವ ಸೂಚನೆಯೂ ಕೊಡದೆ ಶಿವದೇವಮ್ಮ ಹಾಡು ಎತ್ತಿದರು. ಮೊದಲ ಸಾಲು ಮುಗಿಯುವಷ್ಟರಲ್ಲಿ ಕಾಕಾ ಬಾರಿಸುವುದನ್ನೇ ಮರೆತು ಅವರ ಬಾಯಿ ನೋಡುತ್ತಿದ್ದರು.

"ಯಾಕ್ರಿ, ಕೈಗಿ ಜೋಮು ಹಿಡೀತೇನ? ಬಾರಸ್ರಿ" ಎಂದರು ಶರಣಮ್ಮ.

ಹಾಡು ಮುಗಿಯಿತು. ನಡುವೆ ಕಡಿಯಲಿಲ್ಲ. ಆದರೆ ಮುಗಿದ ಮೇಲೆ ಕಾವ್ಯಾ ಒಂದು ಮಾತು ಕೇಳಿದಳು, ಅದು ಯಾರಿಗೂ ಹೊಳೆದಿರಲಿಲ್ಲ.

"ಅರಿಷಿಣದ ದಿವಸ ಅಪ್ಪ ಎಲ್ಲಿ ಕುಂಡರತಾನ?"

ಜಮಖಾನೆಯ ಮೇಲೆ ಗಂಡಸರು ಕೂಡುವುದಿಲ್ಲ. ಇವತ್ತಿನದು ಬರೀ ಪರೀಕ್ಷೆ, ನಡೆಯಿತು; ಆವತ್ತು ನಡೆಯುವುದಿಲ್ಲ. ಕುರ್ಚಿಯ ಮೇಲೆ ಕೂತರೆ ಕಾಕಾ ಅವರ ಕಿವಿ ಮತ್ತೆ ಎತ್ತರಕ್ಕೆ ಹೋಗುತ್ತದೆ. ಅರಿಷಿಣ ನಡೆಯುವ ಫಂಕ್ಷನ್ ಹಾಲ್ ಮನೆಯಂತಲ್ಲ, ಅಲ್ಲಿ ಸದ್ದನ್ನು ಮತ್ತೆ ಕೇಳಿ ಹೊಂದಿಸಬೇಕು. "ಮ್ಯಾಲ ಕುಂತರ ಕೈ ತಾನಾ ಟ್ರೆಬಲ್ ಕಡೆ ಹೋಗತೈತಿ" ಎಂದು ಕಾಕಾ ತಾವೇ ಒಪ್ಪಿಕೊಂಡರು. ಪೆಟ್ಟಿಗೆಯನ್ನು ಸ್ಟೂಲಿನ ಮೇಲಿಟ್ಟೂ ನೋಡಿದರು. ಸದ್ದು ಹೆಂಗಸರ ತಲೆಯ ಮೇಲೆ ಹಾದುಹೋಯಿತು, ಅಕ್ಕನಿಗೆ ಶ್ರುತಿ ಸಿಗಲಿಲ್ಲ.

ಎಲ್ಲರೂ ಶಿವದೇವಮ್ಮನ ಮುಖ ನೋಡಿದರು. ಅವರು ಕಲ್ಲಿನ ಸುತ್ತ ಬಿದ್ದ ಹಿಟ್ಟನ್ನು ಬಳಿದು ತಟ್ಟೆಗೆ ಹಾಕುತ್ತ, "ಆವತ್ತು ನೋಡೂಣು" ಎಂದಷ್ಟೇ ಹೇಳಿ ಹೊರಟುಹೋದರು. ಆ ವಾರವೆಲ್ಲ ಕಾಕಾ ನೆಲದ ಮೇಲೆ ಕೂತೇ ಬಾರಿಸಿದರು. ನಮ್ಮ ಅವ್ವ ಕಿಟಕಿ ಪೂರ್ತಿ ತೆರೆದಳು. ಇಸ್ತ್ರಿಯವನ ರೇಡಿಯೋ ಬಂದ್ ಆಗಿಯೇ ಇತ್ತು. ಯಾಕೆಂದು ಅವ್ವ ಕೇಳಿದ್ದಕ್ಕೆ "ಈಗ ಇದೇ ಚೆನ್ನಾಗಿದೆ" ಎಂಬರ್ಥದಲ್ಲಿ ಏನೋ ತೆಲುಗಿನಲ್ಲಿ ಹೇಳಿದನಂತೆ.

ಅರಿಷಿಣದ ದಿನ ಬೆಳಿಗ್ಗೆ ಫಂಕ್ಷನ್ ಹಾಲಿನಲ್ಲಿ ದೊಡ್ಡ ಜಮಖಾನೆ ಹಾಸಿದ್ದರು. ವೈಭವನ ಕಡೆಯ ಹೆಂಗಸರೂ ಬಂದಿದ್ದರು, ಕಾವ್ಯಾ ಹಳದಿ ಸೀರೆಯಲ್ಲಿ ಮಣೆಯ ಮೇಲೆ ಕೂತಿದ್ದಳು. ಯಾದಗಿರಿ ಪ್ರೀತಿಯಿಂದ ದೊಡ್ಡ ಸ್ಪೀಕರ್‌ಗಳನ್ನು ತಂದು ಎರಡೂ ಕಡೆ ನಿಲ್ಲಿಸಿದ್ದರು.

"ಲೈನ್ ದೇವ್ ಭಾಯ್, ಪೂರಾ ಹಾಲ್ ಸುನೇಗಾ." ಸ್ಪೀಕರಿಗೆ ಗಿಟಾರಿನ ವೈರು ಕೊಡು, ಇಡೀ ಹಾಲ್ ಕೇಳುತ್ತದೆ ಎಂದು.

"ನಕ್ಕೊ ಯಾದಗಿರಿ" ಎಂದರು ಕಾಕಾ. "ಆಜ್ ಪೀಛೆ ತಕ್ ನಹೀಂ ಜಾನಾ. ಬಸ್, ದೀದಿ ತಕ್."

ಇಂದು ಹಿಂದಿನ ಸಾಲಿಗೆ ಮುಟ್ಟುವುದು ಬೇಡ, ಅಕ್ಕನಿಗೆ ಮುಟ್ಟಿದರೆ ಸಾಕು ಎಂದರು. ಯಾದಗಿರಿ ತಲೆ ಕೆರೆದುಕೊಂಡು ವೈರು ಸುತ್ತಿಟ್ಟರು.

ಕಾಕಾ ಗಿಟಾರ್ ಹಿಡಿದು ಜಮಖಾನೆಯ ಅಂಚಿಗೆ ಬಂದು ನಿಂತರು. ಒಳಗೆ ಕಾಲಿಡಲಿಲ್ಲ. ಚಪ್ಪಲಿ ಮಾತ್ರ ಬಿಟ್ಟಿದ್ದರು. ಶಿವದೇವಮ್ಮ ಕಲ್ಲಿಗೆ ಕುಂಕುಮ ಹಚ್ಚಿ ಮುಗಿಸಿ, ತಲೆ ಎತ್ತದೆ, ತಮ್ಮ ಎಡಗಡೆಯ ಜಾಗವನ್ನು ಅಂಗೈಯಿಂದ ಎರಡು ಸಲ ತಟ್ಟಿದರು. ಕಾಕಾ ಹೋಗಿ ಅಲ್ಲಿ ಕೂತರು.

ವೈಭವನ ಕಡೆಯ ಹಿರಿಯ ಹೆಂಗಸೊಬ್ಬರು ಹುಬ್ಬೇರಿಸಿದರು. "ಯಕ್ಕಾ, ಗಂಡಸರು ಜಮಖಾನಿ ಮ್ಯಾಲ?"

"ಗಂಡಸು ಅಲ್ರಿ, ನನ್ನ ತಮ್ಮ" ಎಂದರು ಶಿವದೇವಮ್ಮ. "ಸಣ್ಣವ ಇದ್ದಾಗ ನನ್ನ ತೊಡಿ ಮ್ಯಾಲ ಕುಂತ ಸೋಬಾನ ಕೇಳತಿದ್ದ. ಈಗ ತೊಡಿ ಮ್ಯಾಲ ಹಿಡಸೂದಿಲ್ಲ, ಅದಕ್ಕ ಬಾಜೂಕ ಕುಂತಾನ."

ಹೆಂಗಸರೆಲ್ಲ ಜೋರಾಗಿ ನಕ್ಕರು. ಕೇಳಿದವರೂ ನಕ್ಕು, ಕಾಕಾ ಅವರ ಗಿಟಾರಿನ ಉದ್ದಕ್ಕೆ ಜಾಗ ಮಾಡಿಕೊಟ್ಟು ಕೊಂಚ ಸರಿದರು. ಕಾಕಾ ಕಿವಿಯವರೆಗೂ ಕೆಂಪಗಾಗಿ ತಿರುಗಣೆಗಳ ಮೇಲೆ ಬಗ್ಗಿದರು. ಹಾಲ್ ಖಾಲಿ ಡಬ್ಬಿಯ ಹಾಗೆ ಗುಂಯ್‌ಗುಟ್ಟುತ್ತಿತ್ತು. ಬೇಸನ್ನು ಮನೆಯಲ್ಲಿ ಇಟ್ಟದ್ದಕ್ಕಿಂತ ಇನ್ನೂ ಇಳಿಸಿದರು. ಒಮ್ಮೆ ಮೀಟಿ ಅಕ್ಕನ ಕಡೆ ನೋಡಿದರು. ಅಕ್ಕ ಕಲ್ಲಿನ ಗೂಟ ಹಿಡಿದರು.

ಕಲ್ಲು ತಿರುಗಿತು, ಸೋಬಾನ ಎದ್ದಿತು. ನಾನು ಅವ್ವನ ಹಿಂದೆ ಕೂತಿದ್ದೆ. ಗಿಟಾರ್ ಬೇರೆಯಾಗಿ ಕೇಳಿಸುತ್ತಲೇ ಇರಲಿಲ್ಲ. ಹಾಗೆಂದು ಕಾಕಾ ಒಂದು ಕ್ಷಣ ಕೈ ತೆಗೆದರೆ ಹಾಡು ಬರಿಗಾಲಲ್ಲಿ ನಿಂತಂತೆ ಆಗುತ್ತಿತ್ತು. ಮತ್ತೆ ಬಾರಿಸಿದರೆ ಎಲ್ಲ ಸರಿಹೋಗುತ್ತಿತ್ತು. ಕಾವ್ಯಾಳ ಕೆನ್ನೆಗೆ ಅರಿಷಿಣ ಹಚ್ಚುತ್ತಿದ್ದವರ ಕೈಗಳೂ ನಿಧಾನವಾದವು. ಹರಸುವ ಸಾಲು ಬಂತು, ಎಲ್ಲರೂ "ಸೋ" ಎಂದರು, ಮೊದಲ ಸೋಬಾನ ಎಲ್ಲೂ ಕಡಿಯದೆ ಮುಗಿಯಿತು. ಕಾವ್ಯಾ ಅಪ್ಪನನ್ನೂ ಅತ್ತಿಯನ್ನೂ ನೋಡಿ ಅರಿಷಿಣದ ಮುಖದಲ್ಲೇ ನಕ್ಕಳು.

ಆಗ ಅದೇ ಹಿರಿಯ ಹೆಂಗಸು ಮುಂದಕ್ಕೆ ಬಾಗಿ ಕೇಳಿದರು. "ಚಲೋ ಆತ್ರಿ. ಇನ್ನ ನಿಮ್ಮ ತಮ್ಮಾರ ಗಿಟಾರ ಯಾವಾಗ ಶುರು ಮಾಡತಾರು?"

"ಆಗಿಂದ ಬಾರಸಾಕತ್ತಾನಲ್ರಿ" ಎಂದರು ಶಿವದೇವಮ್ಮ. "ನಿಮಗ ಕೇಳಸಲಿಲ್ಲೇನು?"

ಆ ಹೆಂಗಸು ಪೆಟ್ಟಿಗೆಯನ್ನೂ ಕಾಕಾ ಅವರ ಹೆಬ್ಬೆರಳನ್ನೂ ನೋಡಿದರು. ಕಾಕಾ ತಲೆ ತಗ್ಗಿಸಿ ನಗುತ್ತಿದ್ದರು. ಅವರನ್ನು ಯಾರಾದರೂ ಅಷ್ಟು ಹೊಗಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಜಮಖಾನೆಯ ಆಚೆ ಗಂಡಸರ ಕುರ್ಚಿಗಳ ಸಾಲಿನಲ್ಲಿ ಸೂಗಪ್ಪನವರು ಕೂತಿದ್ದರು. ಅವರ ಮುಖ ಸಪ್ಪಗಾಗಿತ್ತು. "ಏ ಅಮರಾ" ಎಂದು ಅಲ್ಲಿಂದಲೇ ಕೂಗಿದರು. "ಬಾರಸಾಕತ್ತಿಯೋ ಇಲ್ಲೋ? ನನಗ ಒಂದೂ ಕೇಳವಲ್ದು. ಪೆಟ್ಟಿಗಿ ಕೆಟ್ಟತೇನ?"

ಶಿವದೇವಮ್ಮ ಎರಡನೆಯ ಹಾಡಿಗೆ ಜೋಳ ಹಾಕುತ್ತಿದ್ದರು. ಹಾಕುವ ಕೈ ಹಾಗೇ ನಿಂತಿತು. ತಮ್ಮನ ಕಡೆ ತಿರುಗಲಿಲ್ಲ. ಕಲ್ಲಿನ ಬಾಯಿಯನ್ನೇ ನೋಡುತ್ತ ಮೆಲ್ಲಗೆ ಹೇಳಿದರು.

"ಅಮರಾ, ಒಂಚೂರು ಏರಸು."

ಕಾಕಾಗೆ ತಾವು ಸರಿಯಾಗಿ ಕೇಳಿಸಿಕೊಂಡೆವೋ ಇಲ್ಲವೋ ಎಂದು ಅನುಮಾನ ಬಂತು. "ಏನ ಅಕ್ಕಾ?"

"ಏರಸು ಅಂದೆ. ನನಗಲ್ಲ. ನಿಮ್ಮ ಮಾವಾರಿಗಿ ಕೇಳವಲ್ದಂತ."

ಕಾಕಾ ಗಿಟಾರಿನ ಮೈಮೇಲೆ ಹಿಂದಕ್ಕೆ ಇಟ್ಟಿದ್ದ ವಾಲ್ಯೂಮನ್ನು ಒಂದು ಜೋಳದ ಕಾಳಿನಷ್ಟು ಮುಂದಕ್ಕೆ ತಿರುಗಿಸಿದರು. ಸೂಗಪ್ಪನವರಿಗೆ ಆಗಲೂ ಏನೂ ಕೇಳಿಸಲಿಲ್ಲ. ಶಿವದೇವಮ್ಮ ತಲೆದೂಗಿ, ಕಲ್ಲಿನ ಗೂಟ ಹಿಡಿದು, ಮುಂದಿನ ಸೋಬಾನ ಎತ್ತಿದರು.